ಒಂದು ದೀಪ, ಒಂದು ಬಿಳಿ ಹಲಗೆ

ಮೂರನೆಯ ಪ್ಲಾಟ್‌ಫಾರಂಗೆ ಬಸ್ಸು ಬರುತ್ತಿದೆ, ದಯವಿಟ್ಟು ದಾರಿ ಬಿಡಿ ಎಂದು ಅಕ್ಕನ ದನಿ ತಲೆಯ ಮೇಲಿನಿಂದ ಹೇಳಿತು. ಕೆಳಗೆ ನಿಂತಿದ್ದ ತಂಗಿ ಯಾವ ಬಸ್ಸನ್ನೂ ಹತ್ತಬೇಕಾಗಿರಲಿಲ್ಲ, ಆದರೂ ದಾರಿ ಬಿಟ್ಟಳು. ಹುಟ್ಟಿದಾಗಿನಿಂದ ಈ ದನಿ ಹೇಳಿದ್ದನ್ನು ಕೇಳಿ ಕೇಳಿ ಕಾಲಿಗೆ ಅದೇ ಅಭ್ಯಾಸ. ಕಂಬದ ಮೇಲಿನ ಧ್ವನಿವರ್ಧಕದ ಕೆಳಗೆ ನಿಂತು ಇನ್ನೊಂದು ಪ್ರಕಟಣೆಗೆ ಕಾದಳು. 'ಪ' ಬರುವ ಮುನ್ನ ದನಿ ಒಂದು ಚೂರು ತಡೆಯುತ್ತದೆ, 'ಬ'ಗೂ ಅಷ್ಟೇ, ದಾರಿಯಲ್ಲಿ ಕಲ್ಲು ಕಂಡವರು ಹೆಜ್ಜೆ ಸಣ್ಣದು ಮಾಡಿಕೊಳ್ಳುವ ಹಾಗೆ. ಇಡೀ ನಿಲ್ದಾಣದಲ್ಲಿ ಅದು ಗೊತ್ತಾಗುತ್ತಿದ್ದದ್ದು ಬಹುಶಃ ಅವಳೊಬ್ಬಳಿಗೇ. ಹೋದ ವರ್ಷ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಅಕ್ಕನ ಬಾಯಿಯ ಎಡಮೂಲೆಯಿಂದ ಸುಮ್ಮನೆ ಸೋರಿತು. ಮಧ್ಯಾಹ್ನದ ಹೊತ್ತಿಗೆ ಎಡಗೆನ್ನೆ, ಎಡಗಣ್ಣು, ಎಡಹುಬ್ಬು ಎಲ್ಲವೂ ಕೆಲಸ ಬಿಟ್ಟು ಕೂತವು. ನರದ ಬಾವು, ತಾನಾಗಿಯೇ ಇಳಿಯುತ್ತದೆ ಎಂದರು ಡಾಕ್ಟರು. ಬಹುಪಾಲು ಇಳಿಯಿತು. ಉಳಿದದ್ದು ತುಟಿಯ ಮೂಲೆಯಲ್ಲಿ ಒಂದು ಜೋಲು ಮತ್ತು ಪೂರ್ತಿ ಮುಚ್ಚದ ಒಂದು ಕಣ್ಣು. ಮೈಕಿನ ಮುಂದೆ ಕೂರುವವಳಿಗೆ ಮುಖ ಯಾತಕ್ಕೆ ಎಂದು ಅಕ್ಕ ನಕ್ಕಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು. ಅಂದಿನಿಂದ ನಗು ಬಂದಾಗಲೆಲ್ಲ ಆ ಕೈಯೂ ಬರುತ್ತದೆ.

ಫೋಟೋ ದೀಪಗಳ ಅಂಗಡಿ ನಿಲ್ದಾಣದ ಎದುರಿಗೇ ಇತ್ತು. ರಸ್ತೆ ದಾಟಿದರೆ ಸಾಕು, ಆದರೆ ಅವಳು ದಾಟಲಿಲ್ಲ. ಅರ್ಧ ದಿನದ ರಜೆ ಹಾಕಿ ಬಂದವಳು ಗಾಜಿನಾಚೆಯ ಸ್ಟ್ಯಾಂಡುಗಳನ್ನೂ ಮಡಿಸಿಟ್ಟ ಬಿಳಿ ಕೊಡೆಗಳನ್ನೂ ದೂರದಿಂದಲೇ ನೋಡುತ್ತ, ಕೆಲಸ ಕದ್ದು ಬಂದವಳಂತೆ ನಿಂತಳು. ಫೋಟೋ ತೆಗೆಯುವುದು ಅವಳ ಹೊಟ್ಟೆಪಾಡೇ ಹೌದು. ಗುರುತಿನ ಚೀಟಿಯ ಕಚೇರಿಯಲ್ಲಿ ಬಿಳಿ ಗೋಡೆ, ತಿರುಗುವ ಸ್ಟೂಲು, ಎರಡು ಕಡೆ ಎರಡು ಟ್ಯೂಬ್‌ಲೈಟು. ಒಳಗೆ ಬಂದವರ ಮುಖ ಅಲ್ಲಿ ತಟ್ಟೆಯ ಹಾಗೆ ಚಪ್ಪಟೆಯಾಗಿ ಹೊರಗೆ ಹೋಗುತ್ತದೆ. ಅವಳು ಬಂದವರನ್ನು ನೋಡುವುದಿಲ್ಲ, ಪರದೆಯನ್ನು ನೋಡುತ್ತಾಳೆ. ಪರದೆಯ ಮೇಲೆ ಮೊಟ್ಟೆಯಾಕಾರದ ಒಂದು ಗೆರೆ. ಮುಖ ಅದರೊಳಗೆ ಸರಿಯಾಗಿ ಕೂತರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಕಂಡ ಕೂಡಲೇ ಬಾಯಿಗೆ ತಾನಾಗಿ ಬರುವ ಮೂರು ಮಾತುಗಳಿವೆ, ಅವುಗಳಿಗೆ ಅವಳ ಅಪ್ಪಣೆಯೂ ಬೇಕಿಲ್ಲ. ಮುಖ ನೇರ ಮಾಡಿ. ಬಾಯಿ ಮುಚ್ಚಿ. ಇಲ್ಲಿ ನೋಡಿ. ಕೆಲವು ತಿಂಗಳ ಹಿಂದೆ ಒಂದು ದಿನ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಯಾರೋ ಬಂದು ಕೂತರು, ಗೆರೆ ಕೆಂಪಾಯಿತು. ಮುಖ ನೇರ ಮಾಡಿ ಎಂದಳು. ಮತ್ತೆ ಕೆಂಪು. ಮುಖ ನೇರ ಮಾಡೀಂದ್ರೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಎಂದಳು. ಆಗ ಪರದೆಯ ಮೇಲೆ ಒಂದು ತೋರುಬೆರಳು ಮೇಲೆದ್ದು ಬಂತು, ತುಟಿಯ ಎಡಮೂಲೆಯನ್ನು ಹಿಡಿದು ನಿಧಾನವಾಗಿ ಎತ್ತಿತು. "ಇಷ್ಟು ಸಾಕಾ?" ಎಂದು ಕೇಳಿದ್ದು ಅಕ್ಕನ ದನಿ.

ಅದಾದ ಮೇಲೆ ಅಕ್ಕ ಜಗಳವಾಡಲಿಲ್ಲ, ಅತ್ತದ್ದನ್ನು ಯಾರೂ ನೋಡಲಿಲ್ಲ. ಮನೆಗೆ ಬಂದು, ಕಿಟಕಿಯ ಗಾಳಿ ಬೇಕೆಂದು ಊಟದ ಮೇಜಿನಲ್ಲಿ ತನ್ನ ಕುರ್ಚಿಯನ್ನು ಈ ತುದಿಯಿಂದ ಆ ತುದಿಗೆ ಎಳೆದುಕೊಂಡಳು, ಅಷ್ಟೆ. ಆಮೇಲೆ ತಂಗಿಗೆ ಸಿಕ್ಕಿದ್ದು ಅಕ್ಕನ ಬಲಗಡೆ ಮಾತ್ರ. ಮಾತಿಗೇನೂ ಕೊರತೆಯಿರಲಿಲ್ಲ, ಹಾಲು ಉಕ್ಕಿದ್ದು, ಕೆಳಮನೆಯವರ ನಾಯಿ ಊಳಿಟ್ಟದ್ದು ಎಲ್ಲ ಬಲಗೆನ್ನೆಯ ಕಡೆಯಿಂದ ಬರುತ್ತಿತ್ತು. ಒಂದು ಹೆಸರು ಮಾತ್ರ ನಿಂತುಹೋಯಿತು. ಅಕ್ಕ ಅವಳನ್ನು ಗುಬ್ಬಿ ಎನ್ನುತ್ತಿದ್ದಳು. ಕಾಯಿಲೆಯಾದ ಮೇಲೆ ತುಟಿ ಕೂಡದೆ ಅದು ಗುವ್ವಿ ಎಂದು ಹೊರಗೆ ಬೀಳುತ್ತಿತ್ತು, ಇಬ್ಬರೂ ನಗುತ್ತಿದ್ದರು. ಕಚೇರಿಯ ಆ ದಿನದ ನಂತರ ಬರೀ ಏಯ್, ಇಲ್ಲವೇ ಕೇಳಿಸ್ತಾ. ಕೆಲಸಕ್ಕೆ ಹೊರಡುವಾಗ ಅಕ್ಕ ಕೊರಳಿಗೆ ಹಾಕಿಕೊಳ್ಳುವ ಹೊಸ ಚೀಟಿ ಯಾವಾಗಲೂ ಬೆನ್ನು ತೋರಿಸುತ್ತಿತ್ತು, ಫೋಟೋ ಎದೆಯ ಕಡೆಗೆ. ದಾರ ತಾನೇ ತಿರುಚಿಕೊಂಡಿದೆ ಎಂದು ಅವಳು ಮೊದಮೊದಲು ಅಂದುಕೊಂಡಿದ್ದಳು. ಒಂದು ದಿನ ಅಕ್ಕ ಸ್ನಾನಕ್ಕೆ ಹೋದಾಗ ಅದನ್ನು ಸರಿಮಾಡಿಟ್ಟಳು. ಸಂಜೆ ನೋಡಿದರೆ ಮತ್ತೆ ಬೆನ್ನು.

ಹೋದ ವಾರ ಧೈರ್ಯ ಮಾಡಿ, "ಅಕ್ಕಾ, ನಿನ್ನದೊಂದು ಫೋಟೋ ತೆಗೀತೀನಿ. ಸರಿಯಾಗಿ" ಎಂದಳು. "ತೆಗ್ದಿದೀಯಲ್ಲ" ಎಂದಿತು ಬಲಗೆನ್ನೆ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಹಳ ಹೊತ್ತಿನ ಮೇಲೆ ಅಕ್ಕ ಪಾತ್ರೆ ತೊಳೆಯುತ್ತಲೇ ಹೇಳಿದಳು: "ಆಯ್ತು, ಒಂದೇ ಒಂದು ಸಲ. ಚೆನ್ನಾಗಿ ಬರ್ಲಿಲ್ವಾ, ಮತ್ತೆ ನನ್ನ ಮುಖದ ತಂಟೆಗೆ ಬರಬಾರ್ದು." ಆ ಒಂದು ಸಲ ಇವತ್ತಿನ ಸಂಜೆ. ಹಳೆಯ ಕ್ಯಾಮೆರಾ ಒಂದು ಮನೆಯಲ್ಲಿದೆ. ದೀಪವಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಒಂದು ದೀಪವನ್ನು ಎಲ್ಲಿ ಇಡಬೇಕೆಂದು ತಾನು ಒಂದು ದಿನವೂ ಯೋಚಿಸಿಲ್ಲ ಎಂಬುದು ಅವಳಿಗೆ ಹೊಳೆದದ್ದು ಕೊನೆಗೂ ರಸ್ತೆ ದಾಟಿ ಅಂಗಡಿಯ ಮೆಟ್ಟಿಲು ಹತ್ತುವಾಗ. ಕಚೇರಿಯಲ್ಲಿ ಎಲ್ಲವನ್ನೂ ಯಾರೋ ಗೋಡೆಗೆ ಮೊಳೆ ಹೊಡೆದು ಇಟ್ಟುಹೋಗಿದ್ದರು.

ಅಂಗಡಿಯವನು ದಪ್ಪ ಮನುಷ್ಯ, ಏದುಸಿರಿನ ನಡುವೆ ಮಾತಾಡುತ್ತಿದ್ದ. ಕೌಂಟರಿನ ಮೇಲೆ ದೀಪಗಳನ್ನು ತೋರಿಸಲೆಂದು ಇಟ್ಟಿದ್ದ ಹೆಣ್ಣಿನ ಪ್ಲಾಸ್ಟರ್ ತಲೆಯ ಮೂಗಿನ ತುದಿ ಉದುರಿಹೋಗಿತ್ತು. "ನಮ್ಮ ಮನೆಯವರಿಗಿಂತ ಇವಳ ಮುಖಾನೇ ಜಾಸ್ತಿ ನೋಡಿರೋದು ನಾನು" ಎಂದು ಅದರ ತಲೆ ಸವರಿದ. "ಹೇಳಿಮ್ಮ, ಯಾರ ಫೋಟೋ?"

"ಮಗೂದು" ಎಂದಳು. ಯಾಕೆ ಹಾಗೆಂದಳೋ ಅವಳಿಗೇ ಗೊತ್ತಿಲ್ಲ.

"ತುಂಟಾನಾ?"

"ತುಂಬಾ. ಹೇಳಿದ್ ಮಾತು ಕೇಳಲ್ಲ. ಒಂದು ಕಡೆ ಮುಖ ಮಾಡಿದ್ರೆ ಇನ್ನೊಂದ್ ಕಡೆ ತಿರುಗಲ್ಲ." ಹೇಳುತ್ತ ಹೇಳುತ್ತ ಇದರಲ್ಲಿ ಸುಳ್ಳು ತೀರ ಕಡಿಮೆ ಇದೆಯಲ್ಲ ಅನ್ನಿಸಿ ಅವಳಿಗೆ ನಗು ಬಂತು.

ಅವನು ಮೊದಲು ತೋರಿಸಿದ್ದು ಬಳೆಯಾಕಾರದ ರಿಂಗ್ ಲೈಟು. ಈಗ ಎಲ್ಲರೂ ಒಯ್ಯುವುದು ಇದನ್ನೇ, ಅಗ್ಗ, ತಲೆನೋವಿಲ್ಲ ಎಂದ. ಪ್ಲಾಸ್ಟರ್ ತಲೆಯ ಮುಂದೆ ಹಚ್ಚಿದಾಗ ಅದರ ಮುರಿದ ಮೂಗು ಕೂಡ ಮಾಯವಾಯಿತು. ಮೂಗೇ ಮಾಯವಾಯಿತು ಎನ್ನಬೇಕು. ಕಚೇರಿಯ ಗೋಡೆ ಎದ್ದು ಬಂದು ಇಲ್ಲಿ ನಿಂತಂತಾಯಿತು. ಬೇಡ ಎಂದಳು. ಆಮೇಲೆ ಎರಡು ದೀಪಗಳ ಸೆಟ್ಟು ಬಂತು, ಆ ಕಡೆ ಒಂದು ಈ ಕಡೆ ಒಂದು, ಚೀಲದ ಸಮೇತ. ಸ್ಟ್ಯಾಂಡಿನ ಕಾಲುಗಳು ಎಷ್ಟು ತೆಳ್ಳಗಿದ್ದವೆಂದರೆ ಬಾಗಿಲು ತೆರೆದು ಗಿರಾಕಿಯೊಬ್ಬರು ಒಳಗೆ ಬಂದ ಗಾಳಿಗೇ ಒಂದು ನಡುಗಿತು. ಎರಡೂ ಕಡೆ ಒಂದೇ ಸಮನಾದ ಬೆಳಕು. ಮೊಳೆ ಹೊಡೆದ ಟ್ಯೂಬ್‌ಲೈಟಿನ ತಮ್ಮಂದಿರು ಎಂದುಕೊಂಡು ಅದನ್ನೂ ಬೇಡವೆಂದಳು. ಅವನಿಗೆ ಹುಮ್ಮಸ್ಸು ಬಂತು. ಹಾಗಿದ್ದರೆ ನಿಜವಾದ ಸ್ಟುಡಿಯೋ ಮಾಲೇ ತೋರಿಸುತ್ತೇನೆ ಎಂದು ಒಂದು ಫ್ಲ್ಯಾಷ್ ತಂದು ಅವಳ ಮುಖದ ಮುಂದೆಯೇ ಸಿಡಿಸಿದ. ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮುಚ್ಚಿಕೊಂಡ ಆ ಕತ್ತಲೆಯಲ್ಲಿ ಅವಳಿಗೆ ನೆನಪಾದದ್ದು, ಅಕ್ಕನಿಗೆ ಇದು ಆಗುವುದಿಲ್ಲ ಎಂಬುದು. ಅಕ್ಕನ ಎಡಗಣ್ಣು ಅಷ್ಟು ಬೇಗ ಮುಚ್ಚುವುದಿಲ್ಲ. ಬಿಸಿಲಿಗೆ, ಧೂಳಿಗೆ, ಹೆಡ್‌ಲೈಟಿಗೆ ಅದು ತೆರೆದೇ ಇದ್ದು ನೀರು ಸುರಿಸುತ್ತದೆ. ಆವತ್ತು ಕಚೇರಿಯ ಕ್ಯಾಮೆರಾದ ಫ್ಲ್ಯಾಷೂ ಹೊಡೆದಿತ್ತು. ಆ ಕಣ್ಣಿನಿಂದ ನೀರು ಇಳಿದದ್ದನ್ನು ಅವಳು ಪರದೆಯ ಮೇಲೆ ನೋಡಿ, ಅಕ್ಕ ಅಳುತ್ತಿದ್ದಾಳೆಂದು ಗಾಬರಿಯಾಗಿ, ನೋಡದವಳಂತೆ ಮುಂದಿನವರನ್ನು ಕರೆದಿದ್ದಳು.

"ಸಿಡಿಯೋದು ಬೇಡ" ಎಂದಳು. "ಉರೀತಾ ಇರೋದು ಬೇಕು. ಮೆತ್ತಗೆ. ಬೇಕಾದಷ್ಟು ಕಮ್ಮಿ ಮಾಡೋ ಹಾಗಿರ್ಬೇಕು."

"ಅದು ಎಲ್‌ಇಡಿ. ಒಂದು ತಗೊಂಡ್ರೂ ಒಳ್ಳೇದು ತಗೊಳ್ಳಿ. ಅಗ್ಗದ್ದು ತಗೊಂಡ್ರೆ ಮಗು ಹಸಿರಾಗತ್ತೆ." ಅವನು ಒಂದು ದೀಪ ತಂದು ತನ್ನದೇ ಅಂಗೈ ಒಡ್ಡಿದ, ಅಂಗೈ ಕಾಮಾಲೆಯಾದವರ ಹಾಗೆ ಹಸಿರು ಹಳದಿಯಾಯಿತು. ಇನ್ನೊಂದು ಹಚ್ಚಿದ, ಅಂಗೈಗೆ ರಕ್ತ ಬಂತು. "ನೋಡಿದ್ರಾ? ಇಷ್ಟೇ ವ್ಯತ್ಯಾಸ. ಎರಡು ಸುಮಾರಾದ ದೀಪಕ್ಕೆ ಹಾಕೋ ದುಡ್ಡು ಒಂದು ಒಳ್ಳೇದಕ್ಕೆ ಹಾಕಿ. ಅದರ ಮುಂದೆ, ಬೆಳಕು ಮೆತ್ತಗಾಗೋಕೆ, ಈ ಬಿಳಿ ಕೊಡೆ. ಕೊಡೆ ಬದಲು ಬಟ್ಟೆ ಬಾಕ್ಸು ಹಾಕಿದ್ರೆ ಇನ್ನೂ ಚೆನ್ನಾಗಿರತ್ತೆ, ಜೇಬಿಗೆ ಭಾರ. ಕೊಡೆ ಬೆಳಕನ್ನ ಮನೆ ತುಂಬಾ ಚೆಲ್ಲತ್ತೆ, ಚೆಲ್ಲಲಿ ಬಿಡಿ. ಗೋಡೆ ಯಾವ ಬಣ್ಣ?"

"ಹಸಿರು."

"ಅಯ್ಯೋ. ಆ ಹಸಿರು ಮುಖಕ್ಕೂ ಬರತ್ತೆ. ಬಿಳೀ ಹಾಸಿಗೆ ಬಟ್ಟೆ ತೂಗುಹಾಕಿ ಮತ್ತೆ. ಬನ್ನಿ, ಇಲ್ಲಿ ಕೂತ್ಕೊಳಿ, ತೋರಿಸ್ತೀನಿ. ಇವಳಿಗೆ ಮೂಗಿಲ್ಲ, ನಿಮಗಿದೆ."

ಕೂತಳು. ಎದುರಿಗೆ ಅಂಗಡಿಯ ಕ್ಯಾಮೆರಾಕ್ಕೆ ಜೋಡಿಸಿದ ಒಂದು ಪರದೆ ಇತ್ತು, ಅದರಲ್ಲಿ ಅವಳ ಮುಖ. ದಿನವಿಡೀ ಪರದೆಯ ಈಚೆ ಕೂರುವವಳಿಗೆ ಆಚೆ ಕೂತದ್ದು ಇದೇ ಮೊದಲು. ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ಕತ್ತು ತಾನಾಗಿ ಬಿಗಿಯಿತು, ಯಾರೋ ಈಗ ಬೈಯುತ್ತಾರೆ ಎಂಬ ಹಾಗೆ. ಇಷ್ಟು ಜನ ತನ್ನ ಎದುರು ಹೀಗೆ ಕೂತು ಎದ್ದು ಹೋಗಿದ್ದಾರೆ ಎಂದು ಅವಳಿಗೆ ನಾಚಿಕೆಯಾಯಿತು. ಅಂಗಡಿಯವನು ಕೊಡೆಯನ್ನು ಹತ್ತಿರ ತಂದ, ದೂರ ಒಯ್ದ. ಹತ್ತಿರ ಬಂದಷ್ಟೂ ನೆರಳಿನ ಅಂಚು ಕರಗುತ್ತಿತ್ತು, ದೂರ ಹೋದಂತೆ ಮೂಗಿನ ನೆರಳು ಚಾಕುವಾಗುತ್ತಿತ್ತು. ಆ ಕರಗಿದ ಬೆಳಕಿನಲ್ಲಿ ಪರದೆಯ ಮೇಲೆ ಇದ್ದದ್ದು ಅಕ್ಕ. ಅದೇ ಗಲ್ಲ, ಅದೇ ಅಗಲ ಹಣೆ, ಕಾಯಿಲೆಗೆ ಮುಂಚಿನ ಅಕ್ಕ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, ಯೋಚಿಸಿ ಮಾಡಿದ್ದಲ್ಲ, ತುಟಿಯ ಎಡಮೂಲೆಯನ್ನು ಕೆಳಗೆ ಬಿಟ್ಟಳು. ಎಡಗೆನ್ನೆಯನ್ನು ಸಡಿಲ ಮಾಡಿದಳು. ಎಡಗಣ್ಣನ್ನು ಅರ್ಧ ಇಳಿಸಿ ಅಲ್ಲೇ ನಿಲ್ಲಿಸಿದಳು.

"ಏನಾಯ್ತಮ್ಮಾ!" ಅಂಗಡಿಯವನು ಕೊಡೆ ಬಿಟ್ಟು ಓಡಿಬಂದ. "ನೀರು ಕೊಡ್ಲಾ? ಯಾರನ್ನಾದ್ರೂ ಕರೀಲಾ?"

ಬಾಗಿಲ ಬಳಿಯ ಗಿರಾಕಿ ತಿರುಗಿ ನೋಡಿದರು. ಕನ್ನಡಿ ಮುಂದೆ ಅಕ್ಕನನ್ನು ಅಣಕಿಸುತ್ತ ಸಿಕ್ಕಿಬಿದ್ದವಳ ಹಾಗೆ ಅವಳ ಕಿವಿ ಸುಟ್ಟಿತು. ಅಣಕವಲ್ಲ ಇದು ಎಂದು ಯಾರಿಗೆ ಹೇಳುವುದು? ಆದರೂ ಮುಖವನ್ನು ಹಾಗೇ ಹಿಡಿದಿಟ್ಟುಕೊಂಡಳು, ಬಿಟ್ಟರೆ ಮತ್ತೆ ಧೈರ್ಯ ಬಾರದು. ಜೋತ ತುಟಿಯಿಂದಲೇ, "ಏನಿಲ್ಲ. ಮುಖ ಹೀಗಿದ್ರೆ, ದೀಪ ಎಲ್ಲಿಡ್ಬೇಕು?" ಎಂದಳು.

ಅವನು ಮಗುವಿನ ಮಾತು ಎತ್ತಲಿಲ್ಲ. ಕೊಡೆಯನ್ನು ಅವಳ ಬಲಕ್ಕೆ ತಂದು ಸ್ವಲ್ಪ ಮುಂದಕ್ಕೆ ನಿಲ್ಲಿಸಿದ. ಎಡಗಡೆ ಕತ್ತಲೆಗೆ ಜಾರಿತು. ಜೋಲು ಇಲ್ಲ, ಕಣ್ಣಿಲ್ಲ, ಒಂದು ಅಂದವಾದ ಅರ್ಧಮುಖ. "ಮುಚ್ಚೋದಾದ್ರೆ ಹೀಗೆ. ಸುಲಭ" ಎಂದ. ಆಮೇಲೆ ಮೂಲೆಯಿಂದ ದೀಪದ ಪೆಟ್ಟಿಗೆಯೊಳಗಿನ ಥರ್ಮಕೋಲ್ ಹಲಗೆಯೊಂದನ್ನು ಎಳೆದು ತಂದು ಅವಳ ಎಡಗೆನ್ನೆಯ ಪಕ್ಕ ಹಿಡಿದ. ಕತ್ತಲೆಯಿಂದ ಕೆನ್ನೆ ಮೆಲ್ಲಗೆ ಮೇಲೆ ಬಂತು, ತುಟಿಯ ಮೂಲೆಯೂ ಬಂತು, ಆದರೆ ಯಾರೂ ಅದನ್ನು ಎಳೆದು ತಂದಂತಿರಲಿಲ್ಲ. "ಮುಚ್ಚೋದು ಬೇಡ ಅಂದ್ರೆ ಹೀಗೆ. ಇದಕ್ಕೆ ದುಡ್ಡೂ ಬೇಡ, ಪೆಟ್ಟಿಗೇಲೇ ಬರತ್ತೆ. ಬಿಸಾಕ್ಬೇಡಿ ಅಷ್ಟೆ. ಹಿಡ್ಕೊಳ್ಳೋಕೆ ಒಬ್ಬರು ಬೇಕು."

"ಮನೇಲಿ ನಾವಿಬ್ರೇ."

"ಹಾಗಾದ್ರೆ ಕೂತವರೇ ಹಿಡ್ಕೋಬೇಕು."

"ಎರಡ್ರಲ್ಲಿ ಯಾವುದು ಮಾಡ್ಲಿ?"

"ಅದನ್ನ ನನ್ನ ಕೇಳ್ತೀರಲ್ಲಮ್ಮ" ಎಂದ ಅವನು ಏದುಸಿರು ಬಿಡುತ್ತ. "ಕೂತವರನ್ನ ಕೇಳಿ." ಎಷ್ಟು ದಿನದಿಂದ ತಲೆ ಕೆಡಿಸಿಕೊಂಡಿದ್ದರೂ ಅಕ್ಕನನ್ನು ಕೇಳಬಹುದು ಎಂಬುದು ಅವಳಿಗೆ ತೋಚಿರಲಿಲ್ಲ. ಒಂದು ದೀಪ, ಒಂದು ಕೊಡೆ, ಗಟ್ಟಿ ಕಾಲಿನ ಒಂದು ಸ್ಟ್ಯಾಂಡು ಕಟ್ಟಿಸಿಕೊಂಡಳು. ಹೊರಗೆ ಬಂದಾಗ ಅಕ್ಕ ಆಕಾಶದಿಂದ ಯಾರದೋ ಕಳೆದುಹೋದ ಕೈಚೀಲದ ಬಗ್ಗೆ ಹೇಳುತ್ತಿದ್ದಳು.

ಸಂಜೆ ಅಕ್ಕ ಕೆಲಸ ಮುಗಿಸಿ ಬರುವಷ್ಟರಲ್ಲಿ ಹಜಾರದ ಹಸಿರು ಗೋಡೆಗೆ ಬಿಳಿ ಹಾಸಿಗೆ ಬಟ್ಟೆ ಇಳಿಬಿದ್ದಿತ್ತು, ಸ್ಟ್ಯಾಂಡಿನ ಬುಡಕ್ಕೆ ಅಲುಗದಿರಲೆಂದು ನೀರಿನ ಕ್ಯಾನು ಕಟ್ಟಿಯಾಗಿತ್ತು. "ಮನೆಯೊಳಗೆ ಮಳೆ ಬರತ್ತೇನೇ?" ಎಂದು ಅಕ್ಕ ಕೊಡೆಯನ್ನು ನೋಡಿ ಕೇಳಿ, ಮುಖ ತೊಳೆದು, ಕೊರಳ ಚೀಟಿ ತೆಗೆದು ಮೊಳೆಗೆ ತಗುಲಿಸಿ ಬಂದು ಕೂತಳು. ಬಲಗಡೆ ಈಚೆಗೆ, ಎಡಗಡೆ ಗೋಡೆಗೆ. ತಂಗಿ ದೀಪ ಹಚ್ಚಿದಳು. ಕ್ಯಾಮೆರಾದ ಹಿಂದೆ ನಿಂತಳು. ಅಲ್ಲಿಂದ ಮುಂದೆ ಅವಳಿಗೆ ಮಾತೇ ಬರಲಿಲ್ಲ. ಸ್ವಲ್ಪ ಈ ಕಡೆ ಎನ್ನಬೇಕು, ಗಲ್ಲ ತುಸು ಕೆಳಗೆ ಎನ್ನಬೇಕು. ಆದರೆ ಬಾಯಿ ತೆರೆದರೆ ಆ ಮೂರು ಮಾತುಗಳೇ ಎದ್ದು ಬಂದರೆ? ನಾಲಿಗೆಯ ಮೇಲೆ ಅವು ಕಾಲು ಚಾಚಿ ಕೂತಿವೆ ಎಂದು ಅವಳಿಗೆ ಗೊತ್ತಿತ್ತು. ಕ್ಯಾಮೆರಾದ ಯಾವುದೋ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಳು.

"ಏನೇ ಇದು? ಆಫೀಸಲ್ಲಿ ಅಷ್ಟು ಮಾತಾಡ್ತೀಯ, ಇಲ್ಲಿ ಬಾಯಿಗೆ ಬೀಗ ಹಾಕ್ಕೊಂಡಿದೀಯ. ಹೇಗೆ ಕೂರ್ಲಿ ನಾನು?"

"ನಿಂಗೆ ಹೇಗೆ ಬೇಕು?" ಎಂದಳು. ದನಿ ಕೀರಲಾಗಿತ್ತು. "ಎಡಗಡೆ ಕತ್ತಲಲ್ಲಿ ಬಿಡಬಹುದು. ಇಲ್ಲ ಬೆಳಕು ಹಾಕಬಹುದು. ಎರಡೂ ಆಗತ್ತೆ. ನೀನು ಹೇಳು."

ಅಕ್ಕ ಒಂದು ನಿಮಿಷ ಕೊಡೆಯನ್ನೇ ನೋಡಿದಳು. "ಕತ್ತಲಲ್ಲಿ ಬಿಟ್ರೆ ಹೇಗೆ ಕಾಣತ್ತೆ, ತೋರಿಸು. ಇದು ಲೆಕ್ಕಕ್ಕಿಲ್ಲ." ಒಂದು ತೆಗೆದು, ಕ್ಯಾಮೆರಾದ ಬೆನ್ನಿನ ಚಿಕ್ಕ ಪರದೆಯನ್ನು ತಂಗಿ ಅಕ್ಕನ ಮುಂದೆ ಹಿಡಿದಳು. ಚೆನ್ನಾಗಿಯೇ ಬಂದಿತ್ತು. ಅಷ್ಟು ಚೆನ್ನಾಗಿ ತಾನು ಎಂದೂ ತೆಗೆದಿರಲಿಲ್ಲ. ಇಲ್ಲಿಗೇ ಮುಗಿಯಲಿ, ಇದನ್ನೇ ಒಪ್ಪಿಕೊಂಡುಬಿಡಲಿ ಎಂದು ಅವಳ ಮನಸ್ಸು ಹಾರೈಸಿತು, ಹಾರೈಸಿದ್ದಕ್ಕೆ ಪೆಚ್ಚಾಯಿತು. ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು.

"ಯಾರೋ ದೊಡ್ಡ ಮನುಷ್ಯರ ಥರ ಇದೀನಿ" ಎಂದಳು. ಆಮೇಲೆ, "ಅರ್ಧ ತೀರಿಕೊಂಡಿರೋರ ಥರಾನೂ ಇದೀನಿ. ಇನ್ನೊಂದು ಹೇಗೆ?"

ಥರ್ಮಕೋಲ್ ಹಲಗೆ ತಂದು ಕೊಟ್ಟಳು. "ಇದನ್ನ ಎಡಗಡೆ ಹಿಡ್ಕೋಬೇಕು. ತೊಡೆ ಮೇಲೆ ನಿಲ್ಲಿಸ್ಕೊ. ಎರಡೂ ಕೈ ಬೇಕು, ಇಲ್ಲಾಂದ್ರೆ ಜಾರತ್ತೆ."

"ಫೋಟೋನೂ ನಂದು, ಕೂಲಿನೂ ನಂದೇನಾ?" ಎಂದು ಗೊಣಗುತ್ತ ಅಕ್ಕ ಕುರ್ಚಿಯನ್ನು ಕೊಂಚ ತಿರುಗಿಸಿದಳು. ಹಲಗೆಯನ್ನು ಒಂದು ಕೈಯಲ್ಲಿ ಮೇಲೆ, ಒಂದು ಕೈಯಲ್ಲಿ ಕೆಳಗೆ ಹಿಡಿದಳು. ಬೆಳಕು ಬಲಗೆನ್ನೆಯನ್ನು ದಾಟಿ, ಹಲಗೆಗೆ ತಾಗಿ, ಹಿಂದಿರುಗಿ ಎಡಗೆನ್ನೆಯ ಮೇಲೆ ಮೆಲ್ಲಗೆ ಬಂದು ಕೂತಿತು. ಎಷ್ಟೋ ತಿಂಗಳಿಂದ ಅವಳು ನೋಡದೆ ಇದ್ದ ಕೆನ್ನೆ. ಹುಬ್ಬಿನ ಮೇಲೆ ಒಂದು ಹೊಸ ನರೆ ಬಂದಿತ್ತು, ಅದೂ ಎಡಗಡೆಯದೇ, ಯಾವಾಗ ಬಂತೋ. ಪೂರ್ತಿ ಮುಚ್ಚದ ಆ ಕಣ್ಣು ದೀಪಕ್ಕೆ ಹೆದರದೆ ಅವಳನ್ನೇ ನೇರವಾಗಿ ನೋಡುತ್ತಿತ್ತು. ಇದು ನನ್ನ ಅಕ್ಕ, ಇಷ್ಟು ದಿನ ಇದು ನನಗೆ ಬೇಕಾಗಿತ್ತು, ಇದು ಇಲ್ಲದೆ ನಾನು ಒಣಗಿಹೋಗಿದ್ದೆ ಎಂದು ಅವಳಿಗೆ ಅನ್ನಿಸಿತು.

"ಅಕ್ಕಾ, ಅವತ್ತು ಆಫೀಸಲ್ಲಿ ನಾನು..." ಎಂದವಳ ತುಟಿ ನಡುಗಿ ಮುಖವೆಲ್ಲ ಒಂದು ಕಡೆಗೆ ಸೊಟ್ಟಗಾಯಿತು.

ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. ಬಸ್ ನಿಲ್ದಾಣದ ಆ ಗಟ್ಟಿ ದನಿಯಲ್ಲಿ, ಕಲ್ಲು ಸಿಕ್ಕಲ್ಲಿ ತಡೆದು, ಒಂದೊಂದಾಗಿ ಹೇಳಿದಳು: "ಮುಖ ನೇರ ಮಾಡಿ. ಬಾಯಿ ಮುಚ್ಚಿ. ಇಲ್ಲಿ ನೋಡಿ."

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಅವಳು ಅಳುತ್ತಲೇ ನಕ್ಕಳು, ಅಕ್ಕ ಹೊಟ್ಟೆ ಕುಲುಕಿ ನಕ್ಕಳು; ಅಭ್ಯಾಸದ ಕೈ ಬಾಯಿಯ ಕಡೆಗೆ ಏಳಹೊರಟಿತು, ಹಲಗೆ ಜಾರಿತು, ಕೈ ಗಾಬರಿಯಿಂದ ಮರಳಿ ಅದನ್ನೇ ಹಿಡಿದುಕೊಂಡಿತು. ಅಡ್ಡ ಏನೂ ಇಲ್ಲದ ನಗು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ, ಆ ಒಂದೇ ದೀಪದ ಬೆಳಕಿನಲ್ಲಿ ಹಾಗೇ ನಿಂತಿತ್ತು. ಅವಳು ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಪರದೆಯನ್ನು ಮರೆತು, ಕ್ಯಾಮೆರಾದ ಪಕ್ಕದಿಂದ ತಲೆ ಹೊರಗೆ ಹಾಕಿ ಅಕ್ಕನನ್ನೇ ನೋಡುತ್ತ ನಿಂತುಬಿಟ್ಟಳು.

"ನೋಡಿದ್ದು ಸಾಕು, ಒತ್ತೇ ಗುವ್ವೀ" ಎಂದಳು ಅಕ್ಕ. "ಕೈ ಸೋತೋಯ್ತು."

ಅವಳು ಒತ್ತಿದಳು.